ರಾತ್ರಿ ವಸ್ತಿ ಎಲ್ಲಿ?

ದೂರದ ಕಾಲ್ನಡಿಗೆಯ ಪುಸ್ತಕಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ನಡಿಗೆ ಶುರುವಾಗುವುದಕ್ಕೆ ಮೊದಲಿನ ಪುಟಗಳಲ್ಲಿ. ಒಟ್ಟು ಎಷ್ಟು ದಿನ, ದಿನಕ್ಕೆ ಎಷ್ಟು ಮೈಲಿ, ನೀರು ಯಾವ ತಿರುವಿನಲ್ಲಿ ಸಿಗುತ್ತದೆ, ಎಷ್ಟು ಊಟದ ಸಾಮಾನು ಹೊರಬೇಕು, ಗುಡಾರ ಎಲ್ಲಿ ಹಾಕಬೇಕು ಎಂಬ ಲೆಕ್ಕಾಚಾರದ ಪುಟಗಳು ಅವು. ವಿಮರ್ಶೆಗಳು ಸಾಮಾನ್ಯವಾಗಿ ಇವನ್ನು ಹಾರಿಸಿ ನೇರವಾಗಿ ಬೆಟ್ಟದ ತುದಿಗೆ, ಅಲ್ಲಿಂದ ಲೇಖಕರ ಅಂತರಂಗಕ್ಕೆ ಹೋಗಿಬಿಡುತ್ತವೆ. ಆದರೆ ತನ್ನ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂದುಕೊಂಡು ಸಾಮಾನಿನ ಪಟ್ಟಿ ಕೊಡುವಾಗಲೇ ಬರೆಯುವವರು ಹೆಚ್ಚು ಬಯಲಾಗುತ್ತಾರೆ ಎಂದು ನನಗನ್ನಿಸುತ್ತದೆ. ಯಾವುದಕ್ಕೆ ಹೆದರುತ್ತಾರೆ, ಜೇಬಿನಲ್ಲಿ ಎಷ್ಟು ದುಡ್ಡಿದೆ, ಯಾರನ್ನು ನಂಬಿದ್ದಾರೆ ಎಂಬುದೆಲ್ಲ ಆ ಪಟ್ಟಿಯಲ್ಲಿರುತ್ತದೆ.

ಉತ್ತರ ಕರ್ನಾಟಕದ ಕಡೆ ರಾತ್ರಿ ತಂಗುವುದಕ್ಕೆ ‘ವಸ್ತಿ’ ಅನ್ನುತ್ತೇವೆ. ರಾತ್ರಿ ಊರಲ್ಲೇ ನಿಂತು ಬೆಳಗ್ಗೆ ಹೊರಡುವ ಬಸ್ಸು ‘ವಸ್ತಿ ಬಸ್ಸು’. ಪ್ರಯಾಣ ಹೊರಟವರಿಗೆ ಹಿರಿಯರು ಮೊದಲು ಕೇಳುವುದು ‘ರಾತ್ರಿ ವಸ್ತಿ ಎಲ್ಲಿ?’ ಎಂದೇ. ಇಂಗ್ಲಿಷಿನ ನಾಲ್ಕು ಹೆಸರಾಂತ ಪುಸ್ತಕಗಳಿಗೆ ಇದೇ ಪ್ರಶ್ನೆಯನ್ನು ಹಾಕಿ ನೋಡಬೇಕೆನ್ನಿಸಿತು.

ಕಾಲಿನ್ ಫ್ಲೆಚರ್‌ನ ‘ದ ಕಂಪ್ಲೀಟ್ ವಾಕರ್’ ಬಂದದ್ದು 1968ರಲ್ಲಿ. ವೇಲ್ಸ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಫ್ಲೆಚರ್ 1963ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿನ ಒಳಗೆ ಎರಡು ತಿಂಗಳು ಒಬ್ಬನೇ ನಡೆದವನು. ಆ ನಡಿಗೆಗಾಗಿ ಆಹಾರವನ್ನು ಮೊದಲೇ ಬಚ್ಚಿಟ್ಟು, ಇನ್ನಷ್ಟನ್ನು ವಿಮಾನದಿಂದ ಉದುರಿಸುವ ವ್ಯವಸ್ಥೆ ಮಾಡಿಕೊಂಡಿದ್ದ. ‘ಕಂಪ್ಲೀಟ್ ವಾಕರ್’ನಲ್ಲಿ ಅವನು ಬೆನ್ನುಚೀಲವನ್ನು ಬೆನ್ನ ಮೇಲಿನ ಮನೆ ಎಂದು ಕರೆದು, ಅಧ್ಯಾಯಗಳನ್ನೂ ಹಾಗೆಯೇ ಹೊಂದಿಸುತ್ತಾನೆ: ತಳಪಾಯ, ಗೋಡೆ, ಅಡುಗೆಮನೆ, ಮಲಗುವ ಕೋಣೆ. ಪ್ರತಿ ವಸ್ತುವಿನ ತೂಕವನ್ನೂ ಔನ್ಸಿನಲ್ಲಿ ಕೊಡುತ್ತಾನೆ. ಇದನ್ನು ಕೈಪಿಡಿ ಎಂದು ಗ್ರಂಥಾಲಯದವರು ಕ್ರೀಡೆಯ ಕಪಾಟಿಗೆ ಸೇರಿಸುತ್ತಾರೆ. ನನಗೆ ಇದು ಸಾಹಿತ್ಯವೇ. ಒಬ್ಬ ಮನುಷ್ಯ ಬದುಕಲು ಕನಿಷ್ಠ ಏನು ಬೇಕು ಎಂಬ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ, ತಕ್ಕಡಿ ಹಿಡಿದುಕೊಂಡು ಕೇಳಿದ ಪುಸ್ತಕಗಳು ಕಡಿಮೆ. ಆದರೆ ಫ್ಲೆಚರ್‌ನ ಮನೆಯಲ್ಲಿ ಒಬ್ಬನೇ ಗಂಡಸು ಇದ್ದಾನೆ. ವಸ್ತಿ ಎಲ್ಲಿ ಎಂದರೆ, ‘ಎಲ್ಲಿ ಸಮತಟ್ಟು ಜಾಗ ಸಿಕ್ಕಿತೋ ಅಲ್ಲಿ’ ಎಂಬ ನಿರಾಳ ಅವನದು. ಯಾರಾದರೂ ಬಂದು ಎಬ್ಬಿಸಿಯಾರು ಎಂಬ ಚಿಂತೆ ಅವನ ತಕ್ಕಡಿಗೆ ಬೀಳುವುದೇ ಇಲ್ಲ.

ಬಿಲ್ ಬ್ರೈಸನ್‌ನ ‘ಎ ವಾಕ್ ಇನ್ ದ ವುಡ್ಸ್’ (1998) ಇದೇ ತಯಾರಿಯನ್ನು ನಗೆಪಾಟಲು ಮಾಡುತ್ತದೆ. ಎರಡು ಸಾವಿರ ಮೈಲಿಗೂ ಉದ್ದದ ಅಪಲಾಚಿಯನ್ ಹಾದಿಗೆ ಹೊರಟವನು ಅಂಗಡಿಯಲ್ಲಿ ನಿಂತು, ಇಷ್ಟು ದುಬಾರಿ ಚೀಲಕ್ಕೆ ಮಳೆಹೊದಿಕೆ ಬೇರೆ ಕೊಳ್ಳಬೇಕೇ ಎಂದು ಬೆಪ್ಪಾಗುತ್ತಾನೆ. ಕರಡಿ ದಾಳಿಯ ಪುಸ್ತಕ ಓದಿ ನಿದ್ದೆಗೆಡುತ್ತಾನೆ. ಜೊತೆಗಾರ ಕ್ಯಾಟ್ಜ್ ಮೊದಲ ದಿನವೇ ಭಾರ ತಾಳಲಾರದೆ ಊಟದ ಸಾಮಾನನ್ನು ಕಾಡಿಗೆ ಎಸೆಯುತ್ತಾನೆ. ನಗು ಬರುತ್ತದೆ, ನಿಜ. ಆದರೆ ಈ ನಗೆಗೆ ಒಂದು ಆಧಾರವಿದೆ: ಆ ಹಾದಿಯುದ್ದಕ್ಕೂ ಸ್ವಯಂಸೇವಕರು ಕಟ್ಟಿ ಕಾಪಾಡಿಕೊಂಡು ಬಂದ ಮರದ ತಂಗುದಾಣಗಳಿವೆ, ಬೇಸರವಾದರೆ ಇಳಿದು ಹೋಗಲು ಊರುಗಳಿವೆ. ವಸ್ತಿಯ ಏರ್ಪಾಟು ಬೇರೆಯವರು ಮಾಡಿಟ್ಟಿರುವುದರಿಂದಲೇ ಬ್ರೈಸನ್ ಪೆದ್ದನ ವೇಷ ಹಾಕಬಲ್ಲ. ಆತ ಒಟ್ಟು 870 ಮೈಲಿ ನಡೆದು, ಅದನ್ನು ಮುಚ್ಚಿಡದೆ ಹೇಳಿದ್ದು ಮೆಚ್ಚತಕ್ಕದ್ದು.

ಇಲ್ಲಿಂದ ಮುಂದೆ ಯಶಸ್ವಿ ಕಾಲ್ನಡಿಗೆ ಪುಸ್ತಕಗಳಲ್ಲಿ ‘ತಯಾರಿಯಿಲ್ಲದೆ ಹೊರಟೆ’ ಎಂಬುದು ಒಂದು ಶೈಲಿಯೇ ಆಗಿಬಿಟ್ಟಂತೆ ಕಾಣುತ್ತದೆ. ಚೆರಿಲ್ ಸ್ಟ್ರೇಡ್‌ಳ ‘ವೈಲ್ಡ್’ (2012) ಅದರ ಅತ್ಯುತ್ತಮ ಉದಾಹರಣೆ. ತಾಯಿ 45ನೇ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡು, ಮದುವೆ ಮುರಿದು, 1995ರಲ್ಲಿ 26ರ ಚೆರಿಲ್ ಪೆಸಿಫಿಕ್ ಕ್ರೆಸ್ಟ್ ಹಾದಿಯಲ್ಲಿ ಸುಮಾರು 1,100 ಮೈಲಿ ಒಬ್ಬಳೇ ನಡೆಯುತ್ತಾಳೆ. ಮೊಹಾವಿಯ ಮೋಟೆಲಿನಲ್ಲಿ ಚೀಲ ತುಂಬಿ, ಸುಮಾರು ಹನ್ನೊಂದು ಕಿಲೋ ನೀರನ್ನೂ ಸೇರಿಸಿ ನೋಡಿದರೆ ಅದನ್ನು ನೆಲದಿಂದ ಎತ್ತಲೂ ಆಗುವುದಿಲ್ಲ. ಅದಕ್ಕೆ ‘ಮಾನ್‌ಸ್ಟರ್’ ಎಂದು ಹೆಸರಿಡುತ್ತಾಳೆ. ಬೂಟು ಚಿಕ್ಕದು, ಒಲೆಗೆ ಹಾಕಿದ ಇಂಧನ ತಪ್ಪು. ಕೆನೆಡಿ ಮೆಡೋಸ್ ಎಂಬಲ್ಲಿ ಅನುಭವಿಯೊಬ್ಬ ಕೂತು ಚೀಲ ಬಿಚ್ಚಿಸಿ, ಮಡಚುವ ಗರಗಸದಂಥ ಬೇಡದ ಸಾಮಾನನ್ನೆಲ್ಲ ತೆಗೆಸುತ್ತಾನೆ.

ಈ ಭಾರವನ್ನು ದುಃಖದ ಭಾರ ಎಂದು ಓದುವುದು ಸುಲಭ, ಪುಸ್ತಕವೂ ಅದನ್ನೇ ಬಯಸುತ್ತದೆ. ನನಗೆ ಹೆಚ್ಚು ಮುಖ್ಯವೆನಿಸುವುದು ಅವಳ ತಯಾರಿಯಲ್ಲಿ ಸರಿಯಾಗಿದ್ದ ಸಂಗತಿಗಳು. ಹೊರಡುವ ಮೊದಲೇ ಆಹಾರದ ಪೆಟ್ಟಿಗೆಗಳನ್ನು ಕಟ್ಟಿ, ಒಂದೊಂದರಲ್ಲೂ ಇಪ್ಪತ್ತು ಡಾಲರ್ ಇಟ್ಟು, ದಾರಿಯ ಅಂಚೆ ಕಚೇರಿಗಳಿಗೆ ಕಳಿಸುವ ಏರ್ಪಾಟು ಮಾಡಿದ್ದಾಳೆ. ಓದಿದ ಪುಟಗಳನ್ನು ಸುಟ್ಟು ತೂಕ ಇಳಿಸುತ್ತಾಳೆ. ಆದರೂ ಏಡ್ರಿಯನ್ ರಿಚ್‌ಳ ಕವನ ಸಂಕಲನವನ್ನು ಮಾತ್ರ ಕೊನೆವರೆಗೂ ಹೊರುತ್ತಾಳೆ. ಪೂರ್ತಿ ಪೆದ್ದಳೇನೂ ಅಲ್ಲ. ಪ್ರಕಾಶನ ಲೋಕಕ್ಕೆ ಬೇಕಾದದ್ದು ಎತ್ತಲಾಗದ ಚೀಲದ ಚಿತ್ರ, ಹಾಗಾಗಿ ಅದೇ ಉಳಿಯಿತು.

ಪುಸ್ತಕದ ಅತಿ ಕಠಿಣ ಪ್ರಸಂಗ ಬರುವುದು ಆರೆಗನ್ನಿನಲ್ಲಿ. ಬಿಲ್ಲುಬಾಣದ ಬೇಟೆಗಾರರಿಬ್ಬರು ಎದುರಾಗಿ ಅವಳು ಶುದ್ಧಮಾಡಿಕೊಂಡ ನೀರು ಕುಡಿಯುತ್ತಾರೆ, ಅವಳ ಮೈಯ ಬಗ್ಗೆ ಮಾತಾಡುತ್ತಾರೆ. ಸಂಜೆ ಒಬ್ಬ ತಾನೊಬ್ಬನೇ ಮರಳಿ ಬರುತ್ತಾನೆ. ಕೊನೆಗೆ ಅವರು ಹೋದ ಮೇಲೆ ಅವಳು ಆ ವಸ್ತಿಯನ್ನೇ ಬಿಟ್ಟು, ಕತ್ತಲಾಗುತ್ತಿದ್ದರೂ ನಡೆದುಬಿಡುತ್ತಾಳೆ. ಫ್ಲೆಚರ್‌ನ ಔನ್ಸುಗಳ ಪಟ್ಟಿಯಲ್ಲಿ ಇದಕ್ಕೆ ಸಾಲು ಇಲ್ಲ. ಬಯಲಲ್ಲಿ ಮಲಗುವ ಯೋಜನೆ ಹಾಕುವ ಹೆಂಗಸು ನೀರು, ನಕ್ಷೆ, ಊಟಗಳ ಜೊತೆ ‘ಯಾರ ಕಣ್ಣಿಗೂ ಬೀಳದ ಜಾಗ’ ಎಂಬ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ನಾಲ್ಕು ಹೆಂಗಸರು ಸೇರಿ ಎರಡು ದಿನದ ಚಾರಣಕ್ಕೆ ಹೊರಟಾಗಲೂ ನಮ್ಮ ಮಾತಿನ ಅರ್ಧ ಹೊತ್ತು ಈ ಲೆಕ್ಕಕ್ಕೇ ಹೋಗುತ್ತದೆ. ‘ವೈಲ್ಡ್’ ಈ ಲೆಕ್ಕವನ್ನು ಮರೆಮಾಚದೆ ಬರೆದಿರುವುದೇ ಅದರ ದೊಡ್ಡ ಬೆಲೆ.

ಇನ್ನು ರೇನರ್ ವಿನ್‌ಳ ‘ದ ಸಾಲ್ಟ್ ಪಾತ್’ (2018). ಮನೆ ಕಳೆದುಕೊಂಡ ದಂಪತಿ, ಗಂಡನಿಗೆ ಗುಣವಾಗದ ನರರೋಗ ಎಂಬ ವೈದ್ಯರ ಮಾತು, ವಾರಕ್ಕೆ 48 ಪೌಂಡು ಆದಾಯ. ಅಗ್ಗದ ಗುಡಾರವೊಂದನ್ನು ಹೊತ್ತು ಇಂಗ್ಲೆಂಡಿನ ನೈಋತ್ಯ ಕರಾವಳಿಯ 630 ಮೈಲಿ ಹಾದಿಗೆ ಇಳಿಯುತ್ತಾರೆ. ಫ್ಲೆಚರ್‌ನ ‘ಬೆನ್ನ ಮೇಲಿನ ಮನೆ’ ಇಲ್ಲಿ ರೂಪಕವಾಗಿ ಉಳಿಯುವುದಿಲ್ಲ, ಅವರಿಗಿರುವ ಮನೆ ಅದೊಂದೇ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಗುಡಾರ ಹಾಕುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಆ ಹಕ್ಕನ್ನು ಜವಾಬ್ದಾರಿಯ ಷರತ್ತಿನೊಂದಿಗೆ ಕೊಟ್ಟಿದೆ. ಹಾಗಾಗಿ ವಿನ್ ದಂಪತಿ ಕತ್ತಲಾದ ಮೇಲೆ ಗುಡಾರ ಹಾಕಿ, ಜನ ಏಳುವ ಮೊದಲೇ ಕಿತ್ತು ಹೊರಡಬೇಕು.

ಪುಸ್ತಕದ ತಿರುಳು ಒಂದು ಸಣ್ಣ ಸುಳ್ಳಿನಲ್ಲಿದೆ. ದಾರಿಯಲ್ಲಿ ಸಿಕ್ಕವರಿಗೆ ‘ನಮಗೆ ಮನೆಯಿಲ್ಲ’ ಎಂದರೆ ಅವರು ಹಿಂದೆ ಸರಿಯುತ್ತಾರೆ. ‘ಮನೆ ಮಾರಿ ಸಾಹಸಕ್ಕೆ ಹೊರಟಿದ್ದೇವೆ’ ಎಂದರೆ ಕಣ್ಣರಳಿಸುತ್ತಾರೆ. ಗುಡಾರ ಅದೇ, ಮೈಯ ವಾಸನೆ ಅದೇ. ಹಿಂದಿರುಗಲು ಮನೆಯಿದ್ದವನು ಬಯಲಲ್ಲಿ ಮಲಗಿದರೆ ಹವ್ಯಾಸ, ಇಲ್ಲದವನು ಮಲಗಿದರೆ ಉಪದ್ರವ. ಕಾಲ್ನಡಿಗೆ ಸಾಹಿತ್ಯ ಅಷ್ಟು ಕಾಲ ಹೇಳದೆ ಬಿಟ್ಟಿದ್ದನ್ನು ಈ ಪುಸ್ತಕ ಹೇಳಿತು.

2025ರ ಜುಲೈನಲ್ಲಿ ‘ದ ಅಬ್ಸರ್ವರ್’ ಪತ್ರಿಕೆ, ಅವರು ಮನೆ ಕಳೆದುಕೊಂಡ ಕಾರಣದ ಬಗ್ಗೆ, ಕಾಯಿಲೆಯ ಬಗ್ಗೆ ಪ್ರಶ್ನೆಗಳನ್ನೆತ್ತಿತು. ವರದಿ ದಾರಿತಪ್ಪಿಸುವಂಥದ್ದು ಎಂದು ಲೇಖಕಿ ಉತ್ತರಿಸಿದರು. ಆ ವ್ಯಾಜ್ಯದ ತೀರ್ಪು ನನ್ನ ಕೆಲಸವಲ್ಲ. ಓದುಗಳಾಗಿ ನನ್ನನ್ನು ಕಾಡುವುದು ಬೇರೆ. ‘ಬೇರೆ ದಾರಿಯಿರಲಿಲ್ಲ’ ಎಂಬ ಮಾತಿನ ಮೇಲೆ ಈ ಪುಸ್ತಕದ ನೈತಿಕ ಬಲ ನಿಂತಿದೆ. ಅದು ಸಡಿಲವಾದರೆ ಅದೇ ಗುಡಾರ ಮತ್ತೆ ಹವ್ಯಾಸಿಯ ಗುಡಾರವಾಗುತ್ತದೆಯೇ? ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಹಿಂದೆ ಸರಿದವರ, ಕಣ್ಣರಳಿಸಿದವರ ಬಗ್ಗೆ ಪುಸ್ತಕ ಹೇಳಿದ್ದು ಸುಳ್ಳಾಗುವುದಿಲ್ಲ. ಅದು ಲೇಖಕಿಗಿಂತ ನಮ್ಮನ್ನು ಕುರಿತ ಮಾತು.

ರಾತ್ರಿಯೇ ಅಸಲು ತಕರಾರು ಎಂಬುದು ಡಾರ್ಟ್‌ಮೂರ್ ಮೊಕದ್ದಮೆಯಲ್ಲೂ ಕಂಡಿತು. 1985ರ ಕಾಯ್ದೆ ಅಲ್ಲಿನ ಗೋಮಾಳದಂಥ ಬಯಲಿನಲ್ಲಿ ಕಾಲ್ನಡಿಗೆ, ಕುದುರೆಯ ಮೇಲೆ ವಿಹರಿಸುವ ಹಕ್ಕು ಕೊಟ್ಟಿತ್ತು. ಅದರಲ್ಲಿ ಮಲಗುವುದೂ ಸೇರಿದೆಯೇ? 2023ರ ಜನವರಿಯಲ್ಲಿ ಹೈಕೋರ್ಟು ಇಲ್ಲವೆಂದಿತು, ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಹೌದೆಂದಿತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಹಕ್ಕನ್ನು ಎತ್ತಿಹಿಡಿಯಿತು. ಹಗಲು ನಡೆದುಹೋಗುವವನನ್ನು ಭೂಮಾಲೀಕ ಹೇಗೋ ಸಹಿಸುತ್ತಾನೆ. ಅಲ್ಲೇ ಮಲಗಿ ಎದ್ದವನು ಆ ನೆಲದ ಜೊತೆ ಇನ್ನೇನೋ ಸಂಬಂಧ ಬೆಳೆಸಿಬಿಡುತ್ತಾನೆ ಎಂಬ ಅಳುಕು ಇದ್ದೀತು.

ನಮ್ಮ ಕಡೆಗೆ ಬರೋಣ. ದೂರ ನಡೆದು ಬಯಲಲ್ಲಿ ಮಲಗುವುದು ನಮಗೆ ಹೊಸದಲ್ಲ. ಯುಗಾದಿ ಹತ್ತಿರವಾದಂತೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಸಾವಿರಾರು ಜನ ಶ್ರೀಶೈಲಕ್ಕೆ ನಡೆಯುತ್ತಾರೆ. ಕೊನೆಯ ಹಂತ ನಲ್ಲಮಲ ಕಾಡಿನ ಏರಿಳಿತ, ನೀರಿಗೆ ಬರ. ಇವರ ತಯಾರಿ ಯಾವ ಪಟ್ಟಿಯಲ್ಲೂ ಇಲ್ಲ, ಅದು ದಾರಿಯ ಊರುಗಳಲ್ಲಿ ಹಂಚಿಹೋಗಿದೆ. ಒಂದೂರಲ್ಲಿ ಮಜ್ಜಿಗೆ, ಇನ್ನೊಂದೂರಲ್ಲಿ ಊಟ, ಮತ್ತೊಂದರಲ್ಲಿ ಕಾಲಿಗೆ ಎಣ್ಣೆ. ಫ್ಲೆಚರ್‌ಗೆ ವಿಮಾನ ಬೇಕಾದ ಕೆಲಸವನ್ನು ಇಲ್ಲಿ ದಾಸೋಹ ಮಾಡುತ್ತದೆ.

ಇಲ್ಲಿಗೆ ನಿಲ್ಲಿಸಿ ‘ನಮ್ಮ ಪರಂಪರೆಯೇ ಮೇಲು’ ಎಂದುಬಿಡಬಹುದಿತ್ತು. ಆದರೆ ಇರಾವತಿ ಕರ್ವೆಯವರ ಪಂಢರಪುರದ ವಾರಿಯ ಪ್ರಬಂಧ ಹಾಗನ್ನಲು ಬಿಡುವುದಿಲ್ಲ. ಮಾನವಶಾಸ್ತ್ರಜ್ಞೆಯಾದ ಅವರು ವಾರಕರಿಗಳೊಂದಿಗೆ ತಾವೂ ನಡೆದು, ಒಂದೇ ಅಭಂಗ ಹಾಡಿ ನಡೆಯುವ ಜನ ಊಟದ ಹೊತ್ತಿಗೆ ಜಾತಿಯ ಪ್ರಕಾರ ಬೇರೆ ಬೇರೆ ಒಲೆಗಳ ಮುಂದೆ ಕೂರುವುದನ್ನು ಸಂಕಟದಿಂದ ಬರೆದರು. ತಯಾರಿಯನ್ನು ಸಮುದಾಯಕ್ಕೆ ಬಿಟ್ಟರೆ ಅದು ಅನ್ನದ ಜೊತೆ ಪಂಕ್ತಿಯನ್ನೂ ಹಾಕಿಕೊಡುತ್ತದೆ. ಒಂಟಿ ಚೀಲದವರಿಗೆ ಇಲ್ಲದ ಈ ಕಷ್ಟವನ್ನು ನೋಡಲು ಅಡುಗೆಯ ಸಾಲನ್ನೇ ಗಮನಿಸುವ ಕಣ್ಣು ಬೇಕಾಯಿತು.

ಕನ್ನಡದಲ್ಲಿ ಈಗ ಚಾರಣದ ಬರಹ ಬೇಕಾದಷ್ಟು ಬರುತ್ತಿದೆ. ನಾನು ಓದಿದವುಗಳಲ್ಲಿ ಹೆಚ್ಚಿನವು ಮಂಜು, ಶೋಲಾ ಕಾಡು, ಸೂರ್ಯೋದಯಗಳಲ್ಲಿ ಮುಗಿಯುತ್ತವೆ. ಅನುಮತಿ ಹೇಗೆ ಸಿಕ್ಕಿತು, ಸಾಮಾನು ಯಾರು ಹೊತ್ತರು, ಅನ್ನ ಯಾರು ಬೇಯಿಸಿದರು, ರಾತ್ರಿ ಯಾರ ಜಗಲಿಯಲ್ಲಿ ಮಲಗಿದರು ಎಂಬುದೆಲ್ಲ ಒಂದು ಸಾಲಿನ ಕೃತಜ್ಞತೆಯಲ್ಲಿ ಹೋಗಿಬಿಡುತ್ತದೆ. ಅಭಯಾರಣ್ಯದಲ್ಲಿ ಒಂದು ರಾತ್ರಿ ತಂಗಲು ನಮಗೆ ಇಲಾಖೆಯ ಅನುಮತಿ ಬೇಕು. ಅದೇ ಕಾಡಿನಲ್ಲಿ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಯೊಬ್ಬ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ತನ್ನ ಮನೆ ಉಳಿಸಿಕೊಳ್ಳಲು, ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ಪುರಾವೆ ತರಬೇಕು. ಚಾರಣಿಗರಿಗೆ ಊಟ ಬಡಿಸುವ ಮನೆಗಳಲ್ಲಿ ಇಂಥ ಅರ್ಜಿ ಹಾಕಿ ಕಾಯುತ್ತಿರುವವರೂ ಇರಬಹುದು. ಸೂರ್ಯೋದಯ ನೋಡಲು ಹೋದವರು ಅದನ್ನು ಕೇಳಿಕೊಂಡು ಬಂದು ಬರೆದರೆ ಬರಹಕ್ಕೆ ತೂಕ ಬರುತ್ತದೆ.

ಹಾಗೆಂದು ಎಲ್ಲರೂ ಕೈಪಿಡಿ ಬರೆಯಬೇಕೆಂದು ನನ್ನ ಮಾತಲ್ಲ. ಪಟ್ಟಿಯನ್ನು ಕಿತ್ತುಹಾಕಬೇಡಿ ಎಂದಷ್ಟೆ. ಏನು ಹೊತ್ತಿರಿ, ಯಾರಿಂದ ಪಡೆದಿರಿ, ಯಾರ ನೆಲದಲ್ಲಿ ಮಲಗಿದಿರಿ ಎಂಬ ಮೂರು ಸಂಗತಿ ಬರೆದ ಮೇಲೆ ಶಿಖರದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ, ನಾನು ನಂಬಿ ಓದುತ್ತೇನೆ.