ಶಿಖರಗಳಿಗೆ ಸಿಗದ ಅಲ್ಯೂಮಿನಿಯಂ

ಘನಸ್ಥಿತಿ ಎನ್‌ಎಂಆರ್ ವೇಗವರ್ಧಕದ ಮೇಲ್ಮೈಯನ್ನು ನೇರವಾಗಿ ತೋರಿಸುತ್ತದೆಂದು ನೀವು ಓದಿರಬಹುದು. ನಾನಿದನ್ನು ಒಪ್ಪುವುದಿಲ್ಲ. ರಾಜಾಜಿನಗರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂಥ ಉಪಕರಣವೂ ಮಾದರಿಯ ಒಳಹೊರಗಿನ ನ್ಯೂಕ್ಲಿಯಸ್‌ಗಳನ್ನು ಒಟ್ಟಿಗೇ ಎಣಿಸುತ್ತದೆ. ಮಾದರಿಯನ್ನು 54.7 ಡಿಗ್ರಿ ಓರೆಯಲ್ಲಿ ಗಿರಗಿರನೆ ತಿರುಗಿಸಿದರೆ ರೇಖೆಗಳು ಕಿರಿದಾಗುತ್ತವೆ, ನಿಜ. ಆದರೆ ಅಲ್ಯೂಮಿನಿಯಂ-27ರ ಸ್ಪಿನ್ 5/2. ಅದರ ಚತುರ್ಧ್ರುವೀಯ ಹರಡಿಕೆ ಈ ತಿರುಗಾಟಕ್ಕೆ ಪೂರ್ತಿ ಮಣಿಯದು. ಹಬೆಯಲ್ಲಿ ಕಾಯಿಸಿದ ಜಿಯೋಲೈಟ್‌ನಲ್ಲಿ ಚೌಕಟ್ಟಿನಿಂದ ಕಳಚಿದ, ಸಮ್ಮಿತಿ ಕೆಟ್ಟ ಅಲ್ಯೂಮಿನಿಯಂನ ರೇಖೆ ಹರಡಿ ಹರಡಿ ಹಿನ್ನೆಲೆಯಲ್ಲೇ ಮುಳುಗಬಹುದು. ಆಗ 60 ಮತ್ತು 0 ಪಿಪಿಎಂ ಬಳಿಯ ಶಿಖರಗಳನ್ನಷ್ಟೇ ಕೂಡಿ ಲೆಕ್ಕ ಒಪ್ಪಿಸುವುದು, ಹಾಜರಿದ್ದವರನ್ನು ಎಣಿಸಿ ಇಡೀ ತರಗತಿ ಎಂದಂತೆ. ಆಮ್ಲೀಯ ತಾಣಗಳ ಚಟುವಟಿಕೆಯನ್ನು ಅಳೆಯುವುದೂ ಇದೇ ಲೆಕ್ಕದಿಂದ! ತೂಕ ಗೊತ್ತಿರುವ ಆಲಂನ ಸಂಕೇತದೊಂದಿಗೆ ಹೋಲಿಸದ ರೋಹಿತವನ್ನು ನಂಬಬೇಡಿ. ಮೇಲ್ಮೈಯೇ ಬೇಕಿದ್ದರೆ ಅಲ್ಲಿನ ಹೈಡ್ರಾಕ್ಸಿಲ್ ಪ್ರೋಟಾನ್‌ಗಳಿಂದ ಧ್ರುವೀಕರಣವನ್ನು ವರ್ಗಾಯಿಸಬೇಕು. ಆದರೆ ಆ ವಿಧಾನದಲ್ಲಿ ಶಿಖರದ ವಿಸ್ತೀರ್ಣ ಪರಮಾಣುಗಳ ಸಂಖ್ಯೆಯನ್ನು ಹೇಳುವುದಿಲ್ಲ.