ಪಡಿಯಚ್ಚು ಮತ್ತು ಪೇಟೆಯ ಮಾತು: ಕೊರಿಟಾ ಕೆಂಟ್ ಅವರ ಸ್ಕ್ರೀನ್ ಮುದ್ರಣ

ಸ್ಕ್ರೀನ್ ಪ್ರಿಂಟಿಂಗ್ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಲಗ್ನಪತ್ರಿಕೆ, ಬಟ್ಟೆಯ ಬ್ಯಾನರುಗಳೇ ಹೊರತು ಕಲಾಕೃತಿಯಲ್ಲ. ಅಮೆರಿಕದಲ್ಲಿಯೂ ಇದು ಅಂಗಡಿ ಫಲಕಗಳ ವಿದ್ಯೆಯೇ ಆಗಿತ್ತು. ಆ ನಂಟನ್ನು ಕಳಚಿಕೊಳ್ಳಲೆಂದೇ ಅಲ್ಲಿನ ಕಲಾವಲಯವು 1940ರ ಸುಮಾರಿಗೆ ಕಲಾವಿದರ ಮುದ್ರಣಕ್ಕೆ 'ಸೆರಿಗ್ರಫಿ' ಎಂಬ ಪ್ರತ್ಯೇಕ ಹೆಸರನ್ನು ಬಳಕೆಗೆ ತಂದಿತು. ಕೊರಿಟಾ ಕೆಂಟ್ (1918–1986) ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. ಮಾಧ್ಯಮದ ಪೇಟೆಯ ಮೂಲವನ್ನು ಅವರು ಮರೆಮಾಚದೆ ಅದನ್ನೇ ಕೃತಿಯ ವಸ್ತುವಾಗಿಸಿಕೊಂಡರು.

1936ರಲ್ಲಿ ಲಾಸ್ ಏಂಜಲೀಸಿನ ಇಮ್ಯಾಕ್ಯುಲೇಟ್ ಹಾರ್ಟ್ ಸಂನ್ಯಾಸಿನಿಯರ ಸಂಘವನ್ನು ಸೇರಿದ ಕೊರಿಟಾ ಅದೇ ಸಂಘದ ಕಾಲೇಜಿನಲ್ಲಿ ಕಲಾಶಿಕ್ಷಕಿಯಾಗಿದ್ದರು. ಮೆಕ್ಸಿಕೋದ ಭಿತ್ತಿಚಿತ್ರಕಾರ ಆಲ್ಫ್ರೆಡೋ ರಾಮೋಸ್ ಮಾರ್ಟಿನೆಜ್ ಅವರ ಪತ್ನಿ ಮರಿಯಾ ಅವರಿಂದ 1950ರ ದಶಕದ ಆರಂಭದಲ್ಲಿ ಈ ತಂತ್ರದ ಪಾಠ ದೊರೆಯಿತು. 1952ರ 'ದ ಲಾರ್ಡ್ ಈಸ್ ವಿತ್ ದೀ' ಕೃತಿಗೆ ಬಹುಮಾನವೂ ಬಂದಿತು. ಆದರೆ ಬಣ್ಣದ ಮೇಲೆ ಬಣ್ಣ ಹೇರಿದ ಆ ಧಾರ್ಮಿಕ ಚಿತ್ರಗಳಲ್ಲಿ ಪಡಿಯಚ್ಚು ಇನ್ನೂ ವರ್ಣಚಿತ್ರದ ಅನುಕರಣೆಯಲ್ಲಿಯೇ ತೊಡಗಿದೆ.

1962ರಲ್ಲಿ ಲಾಸ್ ಏಂಜಲೀಸಿನಲ್ಲಿ ಆಂಡಿ ವಾರ್ಹೋಲ್ ಅವರ ಸೂಪಿನ ಡಬ್ಬಿಗಳ ಚಿತ್ರಗಳನ್ನು ಕಂಡ ಮೇಲೆ ಕೊರಿಟಾ ಅವರ ಕೃತಿಗಳಿಗೆ ಜಾಹೀರಾತಿನ ಅಕ್ಷರ ಪ್ರವೇಶಿಸುತ್ತದೆ. ಇಲ್ಲಿ ಮಾಧ್ಯಮದ ಗುಣವನ್ನು ವಿಶೇಷವಾಗಿ ಗಮನಿಸಬೇಕು. ಚೌಕಟ್ಟಿಗೆ ಬಿಗಿದ ಬಟ್ಟೆಯಲ್ಲಿ ಬೇಡದ ಭಾಗವನ್ನು ಮುಚ್ಚಿ, ಉಳಿದೆಡೆ ರಬ್ಬರ್ ಪಟ್ಟಿಯಿಂದ ಬಣ್ಣವನ್ನು ಒತ್ತಿ ಇಳಿಸುವುದು ಈ ಕ್ರಮ. ಸಮತಟ್ಟಾದ ಬಣ್ಣ, ಖಚಿತವಾದ ಅಂಚು ಇದಕ್ಕೆ ಸಹಜ. ಮರದಚ್ಚಿನಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಬೇಕಾಗುತ್ತದೆ. ಇಲ್ಲಿ ಆ ನಿರ್ಬಂಧವಿಲ್ಲ. ಅಕ್ಷರವು ಇದ್ದಂತೆಯೇ ಇಳಿಯುತ್ತದೆ. ಹೀಗಿರುವಾಗ ಕೊರಿಟಾ ಅವರ ಮುದ್ರಣಗಳಲ್ಲಿ ಅಕ್ಷರಗಳು ಬಾಗಿದ್ದರೆ, ತಲೆಕೆಳಗಾಗಿದ್ದರೆ, ಹಿಂದುಮುಂದಾಗಿದ್ದರೆ ಅದು ತಂತ್ರದ ಅನಿವಾರ್ಯತೆಯಲ್ಲ, ಕಲಾವಿದೆಯ ನಿರ್ಧಾರ. ಜಾಹೀರಾತಿನ ಹಾಳೆಯನ್ನು ಸುಕ್ಕುಗಟ್ಟಿಸಿ, ಅದರ ಛಾಯಾಚಿತ್ರ ತೆಗೆದು, ಆ ಸೊಟ್ಟ ರೂಪವನ್ನೇ ಅವರು ಪಡಿಯಚ್ಚಿಗೆ ಇಳಿಸುತ್ತಿದ್ದರು. ಒಂದೇ ನೋಟಕ್ಕೆ ದಕ್ಕಬೇಕಾಗಿದ್ದ ಘೋಷಣೆಯನ್ನು ಓದುಗ ನಿಂತು ಬಿಡಿಸಿಕೊಳ್ಳಬೇಕಾಗುತ್ತದೆ.

1964ರ 'ದ ಜ್ಯೂಸಿಯೆಸ್ಟ್ ಟೊಮೇಟೋ ಆಫ್ ಆಲ್' ಕೃತಿಯಲ್ಲಿ ಡಬ್ಬಿಯ ಟೊಮೇಟೋ ಮಾರುವ ಮಾತು ಮೇರಿಯಮ್ಮನ ಸ್ತುತಿಯಾಗುತ್ತದೆ. ಚರ್ಚಿನ ಹಿರಿಯರು ಅಸಮಾಧಾನಗೊಂಡದ್ದು ಸಹಜವೇ. ಮೌಖಿಕ ಪರಂಪರೆಯಲ್ಲಿ ಸಿದ್ಧೋಕ್ತಿಯೊಂದು ಸಂದರ್ಭದಿಂದ ಸಂದರ್ಭಕ್ಕೆ ಸಾಗಿ ಹೊಸ ಅರ್ಥ ಪಡೆಯುವ ಬಗೆಯನ್ನು ಬಲ್ಲ ಜಾನಪದ ಅಧ್ಯೇತೃಗಳಿಗೆ ಈ ಕ್ರಿಯೆ ಅಪರಿಚಿತವಲ್ಲ. ಆದರೆ ಹೋಲಿಕೆಯನ್ನು ಅತಿಗೆ ಒಯ್ಯಲಾಗದು. ಸಿದ್ಧೋಕ್ತಿ ಸಮುದಾಯದ ಸೊತ್ತು. ಜಾಹೀರಾತಿನ ಮಾತಿಗೆ ಒಡೆಯರಿದ್ದಾರೆ. ಒಡೆತನವಿರುವ ಮಾತನ್ನು ಎಲ್ಲರ ಮಾತಾಗಿಸಿದ್ದರಲ್ಲಿಯೇ ಕೊರಿಟಾ ಅವರ ದಿಟ್ಟತನವಿದೆ. ಬಹುಪ್ರತಿಗಳಾಗಿ ಅಚ್ಚಾಗಿ ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದ ಈ ಮುದ್ರಣಗಳಲ್ಲಿ 'ಮೂಲಪ್ರತಿ' ಯಾವುದೆಂಬ ಪ್ರಶ್ನೆಗೆ ಅರ್ಥವಿಲ್ಲ. ವಾರ್ಹೋಲ್ ಅದೇ ತಂತ್ರವನ್ನು ಕ್ಯಾನ್ವಾಸಿನ ಮೇಲೆ ಬಳಸಿ ಗ್ಯಾಲರಿಯ ಬಿಡಿಕೃತಿಯನ್ನು ಉಳಿಸಿಕೊಂಡರೆಂಬುದನ್ನು ಇದರೊಡನೆ ಇಟ್ಟು ನೋಡಬೇಕು.

1968ರಲ್ಲಿ ಸಂಘವನ್ನು ತೊರೆದು ಬಾಸ್ಟನ್ನಿಗೆ ತೆರಳಿದ ನಂತರ ಮುದ್ರಣ ಕಾರ್ಯ ಬೇರೆಯವರ ಕಾರ್ಯಾಗಾರಕ್ಕೆ ಹೋಯಿತು. ವಿಯೆಟ್ನಾಂ ಯುದ್ಧ, ನಾಗರಿಕ ಹಕ್ಕುಗಳ ಹೋರಾಟ ಕುರಿತ ಆ ಹೊತ್ತಿನ ಮುದ್ರಣಗಳಲ್ಲಿ ಪತ್ರಿಕಾಚಿತ್ರಗಳ ಬಿರುಸು ಇದೆ. ಮುಂದಿನ ವರ್ಷಗಳಲ್ಲಿ ಜಲವರ್ಣದ ಮೃದುತ್ವ ಹೆಚ್ಚಿತು. ಸಾಲುಗಳು ಸಾಂತ್ವನದ ನುಡಿಗಳಾದವು. ಕೈ ಬದಲಾದುದಷ್ಟೇ ಇದಕ್ಕೆ ಕಾರಣವೆನ್ನುವುದು ಸರಿಯಾಗದು. ಪೇಟೆಯ ಮಾತಿನೊಡನೆ ನಡೆಯುತ್ತಿದ್ದ ಜಗ್ಗಾಟವೇ ಅಲ್ಲಿ ನಿಂತುಹೋಗಿದೆ. 1985ರಲ್ಲಿ ಅವರು ವಿನ್ಯಾಸಗೊಳಿಸಿದ 'ಲವ್' ಅಂಚೆಚೀಟಿ 70 ಕೋಟಿಗೂ ಮೀರಿ ಮಾರಾಟವಾಯಿತು; ಅದರ ಅಕ್ಷರಗಳು ಬಾಗಿಲ್ಲ, ತಿರುಗಿಲ್ಲ, ಯಾರೂ ನಿಂತು ಬಿಡಿಸಿಕೊಳ್ಳಬೇಕಾಗಿಲ್ಲ.