ಎಣ್ಣೆಯ ಮಾರ್ಗವೂ ಅಪಾಯದ ಗಣನೆಯೂ

ಕಡಲಲ್ಲಿ ಚೆಲ್ಲಿದ ಎಣ್ಣೆಯು ಯಾವ ತೀರವನ್ನು ಯಾವಾಗ ಮುಟ್ಟುವುದೆಂಬುದನ್ನು ಗಣಿತದಿಂದ ಮೊದಲೇ ತಿಳಿಯುವ ಪ್ರಯತ್ನವು ಈಚಿನ ಸಮುದ್ರಶಾಸ್ತ್ರದ ಮುಖ್ಯ ಉದ್ಯೋಗಗಳಲ್ಲೊಂದಾಗಿದೆ. ಪಶ್ಚಿಮ ಕರಾವಳಿಯ ಮಟ್ಟಿಗೆ ಈ ಬಗೆಯ ಬರಹಗಳಲ್ಲಿ ಗಣ್ಯವಾದುದು, ಗೋವೆಯ ದೋನಾಪಾವುಲದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಪಿ. ವೇದಮೋನಿಯವರೂ ಅವರ ಸಹೋದ್ಯೋಗಿಗಳೂ 2007ರಲ್ಲಿ ಪ್ರಕಟಿಸಿದ ಲೇಖನ. 2005ನೆಯ ಮಾರ್ಚಿ 23ರಂದು ಗೋವೆಯಾಚೆಯ ಕಡಲಲ್ಲಿ ಎರಡು ಹಡಗುಗಳು ಡಿಕ್ಕಿಹೊಡೆದು ಚೆಲ್ಲಿದ ಎಣ್ಣೆಯ ಮಾರ್ಗವೇ ಅದರ ವಸ್ತು. ಲೇಖನವು ಸಾಧಿಸಿದುದೆಷ್ಟು, ಸಾಧಿಸದೆ ಬಿಟ್ಟುದೆಷ್ಟು ಎಂಬುದನ್ನು ನಿರ್ಣಯಿಸಿದಲ್ಲದೆ, ಅದರ ಬಲದಿಂದ ಕರಾವಳಿಯ ಅಪಾಯವನ್ನು ಅಳೆಯಹೊರಡುವುದು ಯುಕ್ತವಲ್ಲ.

ವಿಷಯವು ಒಳನಾಡಿನ ವಾಚಕರಿಗೆ ದೂರದ್ದಾಗಿ ತೋರಬಹುದು. ಆದರೆ ರಾಯಬಾಗ ತಾಲೂಕಿನ ಕುಡಚಿಯಲ್ಲಿ ಕೃಷ್ಣೆಯನ್ನು ಕಂಡವರಿಗೆ ಅದರ ತಿರುಳು ಸುಲಭವಾಗಿ ಹೊಳೆಯತಕ್ಕದ್ದು. 2005ರಲ್ಲಿಯೂ 2019ರಲ್ಲಿಯೂ ಆ ಪ್ರಾಂತದಲ್ಲಿ ನೆರೆ ಬಂದಿತು. ನದಿಯ ನೆರೆಯಲ್ಲಿ ನೀರೆಷ್ಟು, ಅದು ಮುಟ್ಟುವ ವೇಳೆ ಯಾವುದು ಎಂಬುವು ಸಂಶಯಾಸ್ಪದ. ಹರಿಯುವ ದಿಕ್ಕು ಮಾತ್ರ ನಿಶ್ಚಿತ. ಕಡಲಿನ ಎಣ್ಣೆಗಾದರೋ ದಂಡೆಗಳಿಲ್ಲ. ಅದರ ದಿಕ್ಕೇ ಸಂಶಯಾಸ್ಪದವಾದುದು. ಅದು ನೀರಿನ ಪ್ರವಾಹದೊಡನೆ ಸಾಗುವುದಲ್ಲದೆ, ಗಾಳಿಯ ವೇಗದಲ್ಲಿ ನೂರಕ್ಕೆ ಸುಮಾರು 3ರಷ್ಟು ಪಾಲನ್ನು ಪಡೆಯುತ್ತದೆ. ಸೆಕೆಂಡಿಗೆ 10 ಮೀಟರಿನಂತೆ ಬೀಸುವ ಗಾಳಿಯು ತಾನೊಂದೇ ಎಣ್ಣೆಯನ್ನು ದಿನಕ್ಕೆ ಸುಮಾರು 26 ಕಿಲೋಮೀಟರು ನೂಕಬಲ್ಲುದು. ಗಾಳಿ ತಿರುಗಿದರೆ ಕೆಡುವ ತೀರವೇ ಬೇರೆಯಾಗುತ್ತದೆ.

ಲೇಖನದ ಗುಣವು ಇಲ್ಲಿಯೇ ಇದೆ. ಮಾರ್ಚಿಯಲ್ಲಿ ಸಾಮಾನ್ಯವಾಗಿ ಗಾಳಿಯು ಮಂದ. ಅಂಥ ವರ್ಷದಲ್ಲಾಗಿದ್ದರೆ ಎಣ್ಣೆಯು ಮೆಲ್ಲನೆ ತೀರಕ್ಕೆ ಬರುತ್ತಿತ್ತು. 2005ರಲ್ಲಿ ವಾಡಿಕೆಗಿಂತ ಬಲವಾಗಿ ಬೀಸಿದ ಗಾಳಿಯು ಅದನ್ನು ತೀರದಿಂದ ದೂರಕ್ಕೊಯ್ದಿತು. ಪ್ರವಾಹಕ್ಕಿಂತ ಗಾಳಿಯೇ ಪ್ರಬಲವಾಗಿತ್ತೆಂದು ಲೇಖಕರು ತೋರಿಸಿ, ಮೈಕ್ 21 ಎಂಬ ಗಣಿತಪ್ರತಿರೂಪವು ಎಳೆದ ಮಾರ್ಗವೂ ಪ್ರತ್ಯಕ್ಷವಾಗಿ ಕಂಡ ಮಾರ್ಗವೂ ಹೊಂದುವುದನ್ನು ಸ್ಥಾಪಿಸಿದ್ದಾರೆ. ಗಣನೆಯನ್ನು ಪ್ರತ್ಯಕ್ಷದ ಒರೆಗೆ ಹಚ್ಚಿದ ಈ ಕ್ರಮವು ಶ್ಲಾಘ್ಯವಾದುದು.

ಆದರೆ ಇದರಿಂದ ಸಿದ್ಧವಾದುದೆಷ್ಟು? ಆ ದಿನಗಳ ಗಾಳಿಯನ್ನು ಕೊಟ್ಟರೆ ಪ್ರತಿರೂಪವು ಆ ದಿನಗಳ ಮಾರ್ಗವನ್ನು ಸರಿಯಾಗಿ ಹೇಳುವುದೆಂಬುದಿಷ್ಟೆ. ಅಪಾಯದ ಗಣನೆಯು ಅನಾಹುತಕ್ಕೆ ಮುಂಚಿನದು. ಆಗ ಮುಂದಿನ ಗಾಳಿ ತಿಳಿದಿರುವುದಿಲ್ಲ. ಮಾರ್ಚಿಯ ಸರಾಸರಿಯೊಂದನ್ನೇ ನಂಬಿ ನಕ್ಷೆ ಬರೆದವನು 2005ರಲ್ಲಿ ತಪ್ಪುತ್ತಿದ್ದನು. ಆ ತಪ್ಪು ತೀರಕ್ಕೆ ಅನುಕೂಲವಾಗಿ ಪರಿಣಮಿಸಿದುದು ಆಕಸ್ಮಿಕ. ಆದಕಾರಣ ಹಲವು ವರ್ಷಗಳ ದಿನದಿನದ ಗಾಳಿಗಳನ್ನು ಒಂದೊಂದಾಗಿ ಕೊಟ್ಟು, ಬಂದ ನೂರಾರು ಮಾರ್ಗಗಳಲ್ಲಿ ಎಷ್ಟು ಯಾವ ತೀರವನ್ನು ಮುಟ್ಟಿದುವೆಂದು ಎಣಿಸಬೇಕು. ಸಂಭಾವ್ಯ ಮಾರ್ಗಗಳನ್ನು ಮೊದಲೇ ಪರೀಕ್ಷಿಸಿಟ್ಟುಕೊಳ್ಳಬೇಕೆಂದು ಲೇಖಕರೇ ಸೂಚಿಸಿದ್ದಾರೆ; ಆ ಸೂಚನೆಯನ್ನು ವಾಚಕರು ಸಾಧನೆಯೆಂದು ಎಣಿಸಬಾರದು.

ಇದಕ್ಕೆ ಕನ್ನಡನಾಡಿನ ತೀರವೇ ನಿದರ್ಶನವಾಗಿದೆ. 2006ನೆಯ ಮೇ 30ರಂದು ಪನಾಮಾ ಧ್ವಜದ ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಬಳಿ ನೆಲಹತ್ತಿತು. ಮುಂಗಾರಿನ ಗಾಳಿ ಪ್ರವಾಹಗಳ ವಶವಾದ ಅದರ ಎಣ್ಣೆಯು ದಕ್ಷಿಣ ಗೋವೆಯ ತೀರದವರೆಗೂ ಹಬ್ಬಿತು. ಎರಡು ಘಟನೆಗಳಿಗೆ ಅಂತರವು ಹದಿನಾಲ್ಕು ತಿಂಗಳು. ಒಂದರಲ್ಲಿ ಗಾಳಿಯು ತೀರವನ್ನು ಕಾಯಿತು, ಇನ್ನೊಂದರಲ್ಲಿ ಕೆಡಿಸಿತು. ಎರಡರಲ್ಲಿಯೂ ಎಣ್ಣೆ ಬಂದುದು ಕಡಲ ನಡುವಣ ತೈಲಬಾವಿಯಿಂದಲ್ಲ, ಹಡಗುಗಳಿಂದ. ಆದುದರಿಂದ 1974ರಲ್ಲಿ ಪತ್ತೆಯಾದ ಮುಂಬಯಿ ಹೈನಂಥ ತೈಲಕ್ಷೇತ್ರಗಳನ್ನಷ್ಟೇ ಮೂಲವೆಂದು ಹಿಡಿಯುವ ಗಣನೆಯು ಕಾರವಾರಕ್ಕೆ ಸಾಲದು.

ಕನ್ನಡದ 'ಅಪಾಯ' ಎಂಬ ಒಂದೇ ಮಾತಿನಲ್ಲಿ ಎರಡರ್ಥಗಳು ಬೆರೆತಿರುವುದೂ ಗಮನಾರ್ಹ: ಎಣ್ಣೆ ಬರುವ ಸಂಭವವೊಂದು, ಬಂದರೆ ಆಗುವ ಹಾನಿಯೊಂದು. ಅಲೆ ಬಡಿಯುವ ಬಂಡೆಯನ್ನು ಕಡಲೇ ತೊಳೆಯುತ್ತದೆ. ಕಾಳೀನದಿಯ ಅಳಿವೆಯಂಥಲ್ಲಿ ಕಾಂಡ್ಲಾಗಿಡಗಳ ಕೆಸರಿಗೆ ಇಳಿದ ಎಣ್ಣೆಯು ವರ್ಷಗಟ್ಟಲೆ ನಿಲ್ಲಬಲ್ಲುದು. ಸಂಭವವು ಅಲ್ಪವಾದರೂ ಹಾನಿಯು ಅಪಾರವಾಗುವ ಇಂಥ ಸ್ಥಳವನ್ನು ಬರಿಯ ಮಾರ್ಗದ ನಕ್ಷೆಯು 'ಅಲ್ಪ ಅಪಾಯ'ವೆಂದು ಗುರುತಿಸಿದರೆ, ಅದರ ಫಲವನ್ನು ಉಣ್ಣತಕ್ಕವರು ಅಳಿವೆಯಲ್ಲಿ ಮೀನನ್ನೂ ಚಿಪ್ಪನ್ನೂ ನಂಬಿದ ಜನ. ಕಾರವಾರದಿಂದ ಮಂಗಳೂರಿನವರೆಗೆ ಋತುಋತುವಿಗೆ ಸಂಭವವನ್ನೂ ಸ್ಥಳಸ್ಥಳಕ್ಕೆ ಹಾನಿಯನ್ನೂ ಬೇರೆಬೇರೆಯಾಗಿ ಅಳೆದು, ಅನಂತರ ಗುಣಿಸಿ ತೋರಿಸುವ ಬರಹವೇ ಈ ಲೇಖನದ ಯೋಗ್ಯವಾದ ಮುಂದುವರಿಕೆಯಾಗುವುದು.